ಗುಂಯ್ ಎನ್ನುವ ಕೋಣೆ

ಈಚೆಗೆ ನನಗೊಂದು ಚಟ ಹತ್ತಿದೆ. ಯಾರ ಮನೆಗೆ ಹೋದರೂ ಕುಶಲ ಕೇಳುವ ಮೊದಲು ಅವರ ಪ್ಲಗ್ಗುಗಳ ಪಿನ್ನು ಎಣಿಸುತ್ತೇನೆ. ಮೊನ್ನೆ ಚೌಡಾಪುರದ ಬೀಗರ ಮನೆಯಲ್ಲಿ ಚಹಾ ಬಸಿ ಹಿಡಿದುಕೊಂಡೇ ಫ್ರಿಜ್ಜಿನ ಹಿಂದೆ ಇಣುಕಿದೆ. ಏನೋ ಬಿದ್ದಿರಬೇಕೆಂದು ಬೀಗಿತಿಯೂ ನನ್ನ ಜೊತೆ ಬಗ್ಗಿದರು. ಮೂರೂ ಪಿನ್ನುಗಳು ಇದ್ದವು. ಆಮೇಲೆಯೇ ಚಹಾ ಗಂಟಲಿಗಿಳಿದದ್ದು. ಇದು ಹುಚ್ಚು ಎಂದು ನಿಮಗನ್ನಿಸಿದರೆ ತಪ್ಪಿಲ್ಲ. ಆ ದಿನ ನೀವು ನಮ್ಮ ಕೋಣೆಯಲ್ಲಿ ಇರಲಿಲ್ಲವಲ್ಲ.

ಅಫಜಲಪುರದ ನಮ್ಮ ಮನೆಯಲ್ಲಿ ಹಿಂದೆ ಜೋಳದ ಚೀಲ ಇಡುತ್ತಿದ್ದ ಕೋಣೆಯನ್ನು ನಮ್ಮ ಯಜಮಾನರು ಸ್ಟುಡಿಯೋ ಮಾಡಿದ್ದಾರೆ. ಅವರು ಹೈಸ್ಕೂಲು ಮಾಸ್ತರರು. ಶಾಲೆಯ ಗಂಟೆ ಬಾರಿಸಿದ ಮೇಲೆ ಸೌಂಡ್ ಎಂಜಿನಿಯರು. ದನಿಗಳನ್ನು ಬೆರೆಸುವ ಒಂದು ಹಳೆಯ ಮಿಕ್ಸರು, ಒಂದು ಲ್ಯಾಪ್‌ಟಾಪು, ಒಂದು ಒಳ್ಳೆಯ ಮೈಕು. ದನಿ ಗೋಡೆಗೆ ಬಡಿದು ಮರಳಬಾರದೆಂದು ನನ್ನ ತವರು ಜೇವರ್ಗಿಯಿಂದ ಬಂದ ಕೌದಿಗಳನ್ನೆಲ್ಲ ಗೋಡೆಗೆ ಜೋತು ಹಾಕಿದ್ದಾರೆ. ಚಳಿಗಾಲದಲ್ಲಿ ನಾವು ನಡುಗುತ್ತೇವೆ, ಗೋಡೆಗಳು ಬೆಚ್ಚಗಿರುತ್ತವೆ.

ಕೋಣೆಗೆ ಒಂದೇ ಕೊರತೆ: ಗುಂಯ್. ಯಾರೂ ಹಾಡದಿದ್ದಾಗಲೂ ಸ್ಪೀಕರಿನಲ್ಲಿ ಒಂದು ಜೇನುಹುಳ ಸಿಕ್ಕಿಬಿದ್ದಂಥ ಸದ್ದು. ಅದರ ಬೆನ್ನು ಹತ್ತಿದ ಯಜಮಾನರು ಮನೆಯನ್ನೇ ತಲೆಕೆಳಗು ಮಾಡಿದರು. ಫ್ರಿಜ್ ಬಂದ್ ಮಾಡಿಸಿದರು. ಹಾಲು ಒಡೆಯಿತು, ಗುಂಯ್ ಒಡೆಯಲಿಲ್ಲ. ಟ್ಯೂಬ್‌ಲೈಟ್ ಆರಿಸಿದರು. ಮೈಕಿನ ವೈರನ್ನು ಕರೆಂಟಿನ ವೈರಿನಿಂದ ದೂರ ಸರಿಸಿದರು. ಮಿಕ್ಸರಿನ ಮೈಯನ್ನು ಬೆರಳಿನಿಂದ ಮುಟ್ಟಿದರೆ ಸದ್ದು ಕಡಿಮೆಯಾಗುತ್ತದೆಂದು ಪತ್ತೆಹಚ್ಚಿ, ಒಂದು ಸಂಜೆಯೆಲ್ಲ ರೋಗಿಯ ನಾಡಿ ಹಿಡಿದ ವೈದ್ಯರಂತೆ ಕುಳಿತರು. ಹಾರ್ಮೋನಿಯಂ ಇಟ್ಟು ನೋಡಿದಾಗ ಆ ಸದ್ದು ಬಿಳಿ ಐದು ಎಂಬ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ನಮ್ಮ ಕರೆಂಟಿಗೂ ಒಂದು ಶ್ರುತಿಯಿದೆ, ಅದೂ ತುಸು ಅಪಸ್ವರ ಎಂದು ತಿಳಿದು ನನಗೆ ಸಂತೋಷವೇ ಆಯಿತು.

ಅವರಿಗೆ ಅವಸರವಿತ್ತು. ಜಿಡಗಾಕ್ಕೆ ಮದುವೆಯಾಗಿ ಹೋದ ಅವರ ತಂಗಿ ಮಾದೇವಿ ಬರುವವಳಿದ್ದಳು. ನಮ್ಮ ಅತ್ತೆ ಬೀಸುವಾಗ ತಾವೇ ಕಟ್ಟಿ ಹಾಡುತ್ತಿದ್ದ ಒಂದು ಪದ ಅವಳಿಗೊಬ್ಬಳಿಗೇ ಪೂರ್ತಿ ಬರುತ್ತದೆ. ಅತ್ತೆ ತೀರಿಕೊಂಡಿದ್ದಾರೆ, ಪದ ಈಗ ಮಾದೇವಿಯ ಗಂಟಲಿನಲ್ಲಿ ಮಾತ್ರ ಇದೆ. ಹೀಗಾಗಿ ಅವಳು ಬರುವ ಮುಂಜಾನೆ ಯಜಮಾನರು ಇಕ್ಕಳ ತಗೊಂಡು ಮಿಕ್ಸರಿನ ಪ್ಲಗ್ಗಿನ ಮೂರನೆಯ ಪಿನ್ನನ್ನು, ಆ ದಪ್ಪನೆಯದನ್ನು, ಕಿತ್ತೇಬಿಟ್ಟರು. ಗುಂಯ್ ಮಾಯ!

"ನೋಡಿದ್ಯಾ? ಆ ಪಿನ್ನು ಬರೇ ಶೋಕಿಗೆ ಇತ್ತು!" ಎಂದು ಕುಣಿದರು.

ಮಾದೇವಿ ಬಂದಳು. ಹಾಡುವ ಕೋಣೆಗೆ ನಮ್ಮಲ್ಲಿ ಯಾರೂ ಚಪ್ಪಲಿ ಮೆಟ್ಟಿಕೊಂಡು ಹೋಗುವುದಿಲ್ಲ. ಅವಳು ಅವ್ವನ ಪದವೆಂದು ಬಚ್ಚಲಲ್ಲಿ ಕಾಲು ತೊಳೆದು, ಹಸಿ ಪಾದದಲ್ಲೇ ಶಹಾಬಾದ್ ಕಲ್ಲಿನ ಫರಸಿಯ ಮೇಲೆ ನಿಂತಳು. ಮೈಕನ್ನು ಮುಷ್ಟಿಯಲ್ಲಿ ಹಿಡಿದಳು. ಮೊದಲ ಸಾಲು ಹಾಡಿದಳು. ಎರಡನೆಯ ಸಾಲು ಅರ್ಧಕ್ಕೆ ನಿಂತಿತು.

ಮರೆತಳು ಎಂದುಕೊಂಡೆ. ಆದರೆ ಅವಳ ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ಮುಷ್ಟಿ ಬಿಚ್ಚುತ್ತಿರಲಿಲ್ಲ. ಯಜಮಾನರು "ಯವ್ವಾ!" ಎಂದು ಅವಳನ್ನು ಹಿಡಿಯಲು ಕೈ ಚಾಚಿದರು. ಆ ಕೈಗೂ ಅವಳ ಭುಜಕ್ಕೂ ನಡುವೆ ಒಂದು ಗೇಣು. "ಮುಟ್ಟಬ್ಯಾಡ್ರಿ!" ಎಂದು ಚೀರಿದ್ದು ನನ್ನ ದನಿಯೇ ಅಂತೆ. ಬಾಗಿಲ ಪಕ್ಕದ ಮೇನ್ ಸ್ವಿಚ್ ಇಳಿಸಿದ್ದೂ ನಾನೇ. ಮಾದೇವಿ ಕೌದಿಗೆ ಒರಗಿ ಕುಸಿದಳು. ಉಸಿರಾಡುತ್ತಿದ್ದಳು. ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಇ.ಸಿ.ಜಿ. ತೆಗೆದು, ಬೆರಳಿನ ಸುಟ್ಟ ಗಾಯಕ್ಕೆ ಮುಲಾಮು ಕೊಟ್ಟು ಕಳಿಸಿದರು.

ಅವಳು ಆರಾಮಾದಳು, ನನ್ನ ಕಣ್ಣಿಂದ ಆ ಒಂದು ಗೇಣು ಇನ್ನೂ ಹೋಗಿಲ್ಲ. ರೊಟ್ಟಿ ಬಡಿಯುವಾಗ, ಬಸ್ಸಿನ ಕಿಟಕಿಯಲ್ಲಿ ಕೂತಾಗ, ಆ ಕೈ ಚಾಚುತ್ತದೆ. ಕೆಲವು ಸಲ ನಾನು ಸ್ವಿಚ್ಚಿಗೆ ತಲುಪುವುದಿಲ್ಲ.

ಎಲೆಕ್ಟ್ರಿಷಿಯನ್ ಬಂದು ತಿಳಿಸಿದ ಸಂಗತಿ ಬಿ.ಎಸ್ಸಿ. ಓದಿದ ನನಗೆ ಪರೀಕ್ಷೆಯ ಮಟ್ಟಿಗೆ ಗೊತ್ತಿದ್ದದ್ದೇ. ಮಿಕ್ಸರಿನೊಳಗೆ ಒಂದು ವೈರು ಸವೆದು ಆಗಾಗ ಅದರ ಮೈಗೆ ತಾಗುತ್ತಿತ್ತು. ಹಾಗೆ ಸೋರಿದ ಕರೆಂಟು ಮೂರನೆಯ ಪಿನ್ನಿನ ಮೂಲಕ ನೆಲಕ್ಕಿಳಿಯಬೇಕು. ಆ ದಾರಿ ಮುಚ್ಚಿದ್ದರಿಂದ ಅದು ಮೈಕಿಗೆ ಹರಿದು ಮಾದೇವಿಯ ಮೂಲಕ ಇಳಿಯಿತು. ಮಿಕ್ಸರು ರಿಪೇರಿಯಾಯಿತು, ಹೊಸ ಪ್ಲಗ್ಗು ಬಂತು, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚೂ ಬಂತು. ಗುಂಯ್ ಕೂಡ ವಾಪಸು ಬಂತು. ಈ ಸಲ ಅದರ ಮೇಲೆ ಯಾರೂ ಸಿಟ್ಟಾಗಲಿಲ್ಲ. ಪಾಪ, ಅದು ಮೊದಲಿನಿಂದಲೂ ಏನೋ ಹೇಳುತ್ತಲೇ ಇತ್ತು.

ಮಾದೇವಿ ಮಾತ್ರ ಮೈಕಿನ ಹತ್ತಿರ ಸುಳಿಯಲೊಲ್ಲಳು. "ಆ ಪದ ನನ್ನ ಜೋಡೀನೇ ಹೋಗ್ಲಿ ಬಿಡಣ್ಣಾ," ಎಂದಳು ಫೋನಿನಲ್ಲಿ. ಯಜಮಾನರು ಅವತ್ತು ಊಟ ಮಾಡಲಿಲ್ಲ.

ಆಮೇಲೆ ಒಂದು ದಿನ ತಾನಾಗಿಯೇ ನಮ್ಮನ್ನು ನೋಡಲು ಬಂದವಳು ಅಂಗಳದಲ್ಲಿ ನಿಂತು ಸುತ್ತ ನೋಡಿ ನನ್ನನ್ನು ಕೇಳಿದಳು: "ವೈನಿ, ಇಲ್ಲೊಂದು ಪೈಪ್ ಇತ್ತಲ್ರಿ? ಅರ್ಥಿಂಗಿಂದು. ಬ್ಯಾಸಗ್ಯಾಗ ದಿನಾ ಒಂದು ಕೊಡ ನೀರು ಹಾಕಂತ ಅವ್ವ ನನ್ನ ಜೀವ ತಿಂತಿದ್ದಳು. ಗಿಡ ಇಲ್ದ ಜಾಗಕ್ಕ ನೀರು ಯಾಕ ಬೇ ಅಂತಿದ್ದೆ ನಾನು."

ಯಜಮಾನರು ತಲೆ ಕೆರೆದುಕೊಂಡರು. ಅಂಗಳಕ್ಕೆ ಫರಸಿ ಹಾಸಿದಾಗ ಆ ಪೈಪಿನ ಬಾಯಿ ಅದರ ಕೆಳಗೇ ಉಳಿದಿತ್ತು. ಮೇಲೆ ಅತ್ತೆಯ ಬೀಸುಕಲ್ಲು ಕೂತಿತ್ತು.

"ಭಾರಿ ಎಂಜಿನಿಯರ್ ಅದಿ ನೋಡಣ್ಣಾ! ಮನಿ ಬಾಯಾಗ ಕಲ್ಲಿಟ್ಟು ಗುಂಯ್ ಅನಬ್ಯಾಡ ಅಂತಿ!" ಎಂದು ಮಾದೇವಿ ನಕ್ಕಳು. ಆ ದಿನದ ನಂತರ ಅವಳು ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಬೀಸುಕಲ್ಲನ್ನು ಎತ್ತಿ ಒಳಗಿಟ್ಟೆವು. ಫರಸಿ ತೆಗೆದರೆ ಕೆಳಗಿನ ಎರೆಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಅದರ ಜೊತೆ ಕರೆಂಟು ನೆಲಕ್ಕಿಳಿಯುವ ದಾರಿಯೂ ಒಣಗಿತ್ತು. ಉಪ್ಪು, ಇದ್ದಿಲು ಹೊಸದಾಗಿ ತುಂಬಿಸಿದೆವು. ಮಾದೇವಿ ತಾನೇ ಕೊಡ ಹೊತ್ತು ತಂದು ನೀರು ಸುರಿದಳು. ನೆಲ ಗಟಗಟ ಕುಡಿಯಿತು. ಎಲೆಕ್ಟ್ರಿಷಿಯನ್ ಮತ್ತೆ ಬಂದು ಮೀಟರು ಹಚ್ಚಿ ಸರಿಯಾಗಿದೆ ಎಂದ. ಲ್ಯಾಪ್‌ಟಾಪು, ಮಿಕ್ಸರು ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಟ್ಟೆವು. ಒಳಗೆ ಹೋಗಿ ಕಿವಿಗೊಟ್ಟರೆ ಏನೂ ಇಲ್ಲ. ಗುಂಯ್ ಹೋಗಿತ್ತು, ಈ ಸಲ ಮೂರೂ ಪಿನ್ನುಗಳ ಸಮೇತ.

ಮೈಕನ್ನು ಯಾರೂ ಮುಟ್ಟಬೇಕಿಲ್ಲದಂತೆ ಸ್ಟ್ಯಾಂಡಿಗೆ ಹಾಕಿದರು. ಮಾದೇವಿ ಒಣ ಕಾಲಲ್ಲಿ, ಗೋಡೆಯಿಂದ ಇಳಿಸಿ ಹಾಸಿದ ಕೌದಿಯ ಮೇಲೆ ಕೂತಳು. ನಾನು ಬಾಗಿಲ ಬಳಿ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತೆ. ಅವಳು ಬಾಯಿ ತೆರೆದಳು. ದನಿ ಬರಲಿಲ್ಲ. ನನ್ನ ಬೆರಳುಗಳು ಸ್ವಿಚ್ಚಿನ ಮೇಲೆ ಬಿಗಿಯಾದವು.

"ಇಷ್ಟು ಸುಮ್ಮ ಇದ್ರ ಹಾಡಾಕ ಬರಂಗಿಲ್ಲಣ್ಣಾ," ಎಂದಳು. "ಅವ್ವನ ಪದ ಗುಂಯ್ ಇಲ್ದ ನಾ ಕೇಳೇ ಇಲ್ಲ. ಆ ಕಲ್ಲು ಇತ್ಲಾಗ ತರ್ರಿ."

ಯಜಮಾನರು ನನ್ನ ಮುಖ ನೋಡಿದರು. ಇಷ್ಟು ಕಷ್ಟಪಟ್ಟು ಹೊರಹಾಕಿದ ಗುಂಯ್‌ಗೆ ಈಗ ತಾವೇ ಬೀಸುಕಲ್ಲು ಉರುಳಿಸಿ ತಂದು ಆಸನ ಹಾಕಿದರು. ಮಾದೇವಿ ಗೂಟ ಹಿಡಿದು ತಿರುಗಿಸಿದಳು. ಕಲ್ಲು ಗುಡುಗುಟ್ಟಿತು. ಅದರ ಬೆನ್ನ ಮೇಲೆ ಪದ ಎದ್ದು ಬಂತು, ಮೊದಲ ಸಾಲು, ಎರಡನೆಯ ಸಾಲು ಪೂರ್ತಿ, ಮೂರನೆಯದು. ನಾನು ಉಸಿರು ಹಿಡಿದು, ಸ್ವಿಚ್ಚು ಹಿಡಿದು ನಿಂತೇ ಇದ್ದೆ.

ಹೆಡ್‌ಫೋನ್ ಹಾಕಿಕೊಂಡಿದ್ದ ಯಜಮಾನರು ಕೈಯೆತ್ತಿದರು. "ಯವ್ವಾ, ಜರಾ ತಡಿ. ಗುಂಯ್ ಸಾಲವಲ್ದು!"

"ಬರೇ ಕಲ್ಲು ತಿರುವಿದ್ರ ಹೆಂಗ ಸಾಲತದ?" ಮಾದೇವಿ ನನ್ನತ್ತ ತಿರುಗಿದಳು. "ವೈನಿ, ಅಲ್ಲಿ ಏನ ಕಾವಲ ಕಾಯಾಕತ್ತೀರಿ? ಬಂದು ಜೋಳ ಹಾಕ್ರಿ."

ಬೀಸುಕಲ್ಲಿನ ಬಾಯಿಗೆ ಜೋಳ ಹಾಕುವುದೆಂದರೆ ಪಕ್ಕದಲ್ಲೇ ಕೂತು, ಪ್ರತಿ ಸುತ್ತಿಗೂ ಕೈಯಾಡಿಸುವ ಕೆಲಸ. ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಅದು ಆಗುವಂಥದ್ದಲ್ಲ. ಸ್ವಿಚ್ಚಿನಿಂದ ಕೈ ತೆಗೆದೆ. ಆಮೇಲೆ ಹೋಗಿ ಕೂತು ಬೊಗಸೆ ತುಂಬ ಜೋಳ ತಗೊಂಡೆ.