ಡ್ರಮ್ಮಿನ ತಳ ಮುಟ್ಟುವ ಕೈ

"ಅಕ್ಕಾ, ಮೇಲಿಂದ ಒಂದು ಹಿಡಿ ತಗೊಂಡು ಮುಗಿಸ್ಬಾರ್ದಾ? ತಳದಲ್ಲೇನು ನಿಧಿ ಇಟ್ಟಿದಾರಾ?" ಫೋರ್ಕ್‌ಲಿಫ್ಟ್ ಓಡಿಸುವ ಗು ಬ್ಯೊಂಗ್‌ಹೊ ಛೇಡಿಸುತ್ತಾನೆ.

"ನಿಧಿನೇ ಕಣೋ. ಇಲ್ದಿದ್ರೆ ಸರ್ಕಾರ ಇಷ್ಟು ದೂರದಿಂದ ತರಿಸುತ್ತಾ?" ಪ್ಯೊ ಮ್ಯೊಂಗ್‌ಜಾ ತಲೆಯೆತ್ತುವುದಿಲ್ಲ. ಪರೀಕ್ಷೆಗೆ ಮಾದರಿ ತೆಗೆಯುವ, ತಮ್ಮಷ್ಟೇ ಎತ್ತರದ ಉಕ್ಕಿನ ಕೊಳವೆಯನ್ನು ಕಪ್ಪು ಪುಡಿಯೊಳಕ್ಕೆ ತಿರುಗಿಸಿ ತಿರುಗಿಸಿ ಇಳಿಸುತ್ತಿದ್ದಾರೆ. ಕೊರಿಯಾದ ಗುನ್ಸಾನ್ ಬಂದರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ.

ಪುಡಿ ಟಂಗ್‌ಸ್ಟನ್ ಅದಿರಿನದು. ಉಕ್ಕು ಕೊರೆಯುವುದಕ್ಕೂ ಬೇಕು, ಫಿರಂಗಿ ಗುಂಡಿಗೂ ಬೇಕು. ಇಷ್ಟು ದಿನ ಬಹುಪಾಲು ಒಂದೇ ನೆರೆದೇಶದಿಂದ ಬರುತ್ತಿತ್ತು. ಆ ನೆರೆಯವರು ಮುನಿಸಿಕೊಂಡರೆ ಕಾರ್ಖಾನೆಗಳ ಬಾಗಿಲು ಮುಚ್ಚಬೇಕು. ಅದಕ್ಕೇ ಸಿಯೋಲ್ ಸರ್ಕಾರ ನಾಲ್ಕು ಕಾಸು ಹೆಚ್ಚು ಕೊಟ್ಟು ಮಂಗೋಲಿಯಾದಿಂದ ಅದಿರಿನ ಜೊತೆ ಗೆಳೆತನವನ್ನೂ ಕೊಂಡಿದೆ. ಇದು ಮೊದಲ ಸರಕು, ನಲವತ್ತು ಡ್ರಮ್ಮು. ತೇವ ಶೇಕಡಾ ಅರ್ಧ ಮೀರಿದರೆ ಮಾಲು ವಾಪಸ್, ಮುಂದಿನ ಖರೀದಿಯೂ ಇಲ್ಲ.

ನಿನ್ನೆ ಬೆಳಿಗ್ಗೆ ಮೊದಲ ಡ್ರಮ್ಮು ತೆರೆದಾಗ ಮೇಲಿನ ಪುಡಿ ಮ್ಯೊಂಗ್‌ಜಾ ಅವರ ಮುಷ್ಟಿಯಲ್ಲಿ ಉಂಡೆ ಕಟ್ಟಿತು. ಸಿಯೋಲ್‌ನಿಂದ ಅಧಿಕಾರಿಯ ಫೋನು: "ಪ್ಯೊ ಮೇಡಂ, ಪಾಸೋ ವಾಪಸೋ, ಒಂದೇ ಮಾತು ಹೇಳಿ."

"ಹತ್ತಕ್ಕೊಂದು ನೋಡಿದ್ರೆ ಸಾಕು ಅಂತೀರಿ. ಈ ಸಲ ಸಾಲಲ್ಲ ಸಾರ್. ನಲವತ್ತನ್ನೂ ತಳದ ತನಕ ನೋಡೇ ಹೇಳ್ತೀನಿ."

ಐವತ್ತೊಂಬತ್ತರ ಮ್ಯೊಂಗ್‌ಜಾ ಇದೇ ದಡದಲ್ಲಿ ಹದಿನಾರು ವರ್ಷ ಮೀನು ಒಣಗಿಸಿದವರು. ಗಂಡನ ದೋಣಿ ಮಾರಿದ ವರ್ಷ ಈ ಸರ್ಕಾರಿ ಉಗ್ರಾಣದಲ್ಲಿ ಪೊರಕೆ ಹಿಡಿದರು. ಕೊಳವೆ ಹಿಡಿಯುವುದನ್ನು ನೋಡಿಯೇ ಕಲಿತರು. ದಿನಕ್ಕೆ ಎಂಟು ಡ್ರಮ್ಮು ಅವರ ಲೆಕ್ಕ. ನಿನ್ನೆ ಇಪ್ಪತ್ತಾರು ಮುಗಿಸಿದ್ದಾರೆ. ಬಲಭುಜಕ್ಕೆ ನೋವಿನ ಪಟ್ಟಿ ಅಂಟಿದೆ.

"ಮೀನಿನ ಬೆನ್ನು ಒಣಗಿರುತ್ತೆ, ಹೊಟ್ಟೆ ಹಸಿ ಇರುತ್ತೆ. ಮುರಿದು ನೋಡ್ದೆ ನಾನು ಯಾವತ್ತೂ ಮೂಟೆ ಕಟ್ಟಿದವಳಲ್ಲ," ಎನ್ನುತ್ತಾರೆ.

ಇಲ್ಲಿ ಅದು ತಿರುಗುಮುರುಗು. ಹೆಚ್ಚಿನ ಡ್ರಮ್ಮುಗಳಲ್ಲಿ ಮೇಲಿನ ಬೆರಳಗಲ ಮಾತ್ರ ಹಸಿ, ಕೆಳಗೆಲ್ಲ ಒಣಗಿದೆ. ಕಾರಣ ಮುಚ್ಚಳದೊಳಗಿದೆ: ದುಂಡಗೆ ಕತ್ತರಿಸಿದ ದಪ್ಪ ಉಣ್ಣೆಯ ತುಂಡು, ಅಂಚಿಗೆ ಒತ್ತೊತ್ತಾದ ಕೈಹೊಲಿಗೆ.

"ಪಾಪ, ಮರಳುಗಾಡಿನೋರು. ಧೂಳು ಹೋಗ್ಬಾರ್ದು ಅಂತ ಹಾಕಿದಾರೆ. ಕಡಲ ಮೇಲೆ ಉಣ್ಣೆ ನೀರು ಕುಡಿಯುತ್ತೆ ಅಂತ ಅವ್ರಿಗೇನು ಗೊತ್ತು?"

ಉಳಿದ ಹದಿನಾಲ್ಕೂ ಮುಗಿದು, ಮರುದಿನ ಮಧ್ಯಾಹ್ನ ಪ್ರಯೋಗಾಲಯದ ಫಲಿತಾಂಶ ಬರುತ್ತದೆ. ಮೂವತ್ತೆಂಟು ಪಾಸು. ತಳದವರೆಗೂ ನೆನೆದ ಎರಡನ್ನು ಮ್ಯೊಂಗ್‌ಜಾ ಮೊದಲೇ ಪಕ್ಕಕ್ಕಿಟ್ಟಿದ್ದರು. ಖರೀದಿ ಮುಂದುವರಿಯುತ್ತದೆ ಎಂದು ಅಧಿಕಾರಿ ಫೋನಿನಲ್ಲಿ ತಿಳಿಸುತ್ತಾರೆ.

"ಒಂದು ಮಾತು ಸೇರಿಸಿ ಸಾರ್. ಮುಂದಿನ ಸಲ ರಬ್ಬರ್ ಹಾಕ್ಲಿ. ಹೊಲಿದೋರನ್ನ ಮಾತ್ರ ಯಾರೂ ಬಯ್ಬಾರ್ದು."

"ಅದನ್ನೆಲ್ಲ ಸರ್ಕಾರಿ ಪತ್ರದಲ್ಲಿ ಹೇಗೆ ಬರೀಲಿ ಮೇಡಂ?"

"ಸರಿ ಬಿಡಿ, ರಬ್ಬರ್ ವಿಷ್ಯ ನೀವು ಬರೀರಿ. ಉಳಿದದ್ದು ನಾನು ನೋಡ್ಕೋತೀನಿ."

ಬಿಸಿಲಿಗೆ ಹರವಿದ್ದ ಎರಡು ಉಣ್ಣೆ ತುಂಡುಗಳನ್ನು ಬ್ಯೊಂಗ್‌ಹೊ ತಂದುಕೊಡುತ್ತಾನೆ. ಮ್ಯೊಂಗ್‌ಜಾ ಮಂಗೋಲಿಯಾಕ್ಕೆ ವಾಪಸು ಹೊರಟ ಆ ಎರಡು ಡ್ರಮ್ಮುಗಳ ಬಾಯಿಗೆ ಹೊಸ ರಬ್ಬರ್ ವಾಷರ್ ಕೂರಿಸುತ್ತಾರೆ. ಒಣಗಿದ ಉಣ್ಣೆಯನ್ನು ನೀಟಾಗಿ ಮಡಿಸಿ, ಹೊಲಿಗೆ ಮೇಲೆ ಕಾಣುವಂತೆ ಒಳಗಿಟ್ಟು, ಮುಚ್ಚಳ ಬಿಗಿಯುತ್ತಾರೆ.