ಗೋಡೆಯ ಬಾಯಿಗೆ ತುರುಕಿದ ಗೋಣಿ

ಯಸಳೂರಿನಿಂದ ಒಳಗೆ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ರೈಟರ್. ಹೆಸರು ಕೇಳಿ ದೊಡ್ಡದಾಗಿ ತಿಳಿಯಬೇಡಿ. ಆಳುಗಳ ಹಾಜರಿ ಹಾಕುವುದು, ಸ್ಟೋರಿನ ಬೀಗ ತೆಗೆಯುವುದು, ಕಾಫಿ ಚೀಲಗಳ ಮೇಲೆ ದಪ್ಪ ಬ್ರಷ್ಷಿನಲ್ಲಿ ಗುರುತು ಬರೆಯುವುದು, ಸಾಹುಕಾರರು ಬೈದರೆ ಬೈಸಿಕೊಳ್ಳುವುದು. ಇಷ್ಟೇ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೇಳುತ್ತಾರೆ, ಅದೊಂದೇ ನನಗಿದ್ದ ಹೆಮ್ಮೆ.

ನಮ್ಮ ಕಣ, ಅಂದರೆ ಕಾಫಿ ಒಣಗಿಸುವ ಸಿಮೆಂಟಿನ ಅಂಗಳ, ಗುಡ್ಡ ಕಡಿದು ಮಾಡಿದ್ದು. ಒಂದು ಪಕ್ಕಕ್ಕೆ ಕಡಿದ ದರೆ, ಅದರ ಒಂದು ಕೊನೆಯಲ್ಲಿ, ಬುಡಕ್ಕೇ, ಕೆಲಸದವರ ಲೈನ್ ಮನೆಗಳು. ಒಂದು ಮಳೆಗಾಲದಲ್ಲಿ ದರೆ ಜಾರಿ ಕಾಲುಭಾಗ ಕಣ ಮುಚ್ಚಿತು. ಆಗ ಸಾಹುಕಾರರು ಹಾಸನದಿಂದ ಎಂಜಿನಿಯರ್ ಮೇಡಂ ಒಬ್ಬರನ್ನು ಕರೆಸಿದರು. ಚಿಕ್ಕ ವಯಸ್ಸಿನವರು. ಬಂದವರೇ ಗೋಡೆಯ ಮಾತು ಬಿಟ್ಟು ನೀರಿನ ಮಾತು ಆಡಿದರು.

"ಗೋಡೆ ಬೀಳೋದು ಬರೀ ಮಣ್ಣಿನ ಭಾರಕ್ಕಲ್ಲ ಸರ್. ಹಿಂದೆ ನಿಂತ ನೀರು ತಳ್ಳುತ್ತೆ. ನೀರಿಗೆ ದಾರಿ ಬಿಟ್ಟರೆ ಗೋಡೆ ನಿಲ್ಲುತ್ತೆ."

ಅವರು ಹೇಳಿದ ಗೋಡೆ ನಾವು ಕಂಡಿದ್ದಲ್ಲ. ಮುಂದೆ ಕಲ್ಲುಕಟ್ಟಡ. ಅದರ ಬೆನ್ನಿಗೆ ಜಲ್ಲಿ. ಜಲ್ಲಿಗೂ ಮಣ್ಣಿಗೂ ನಡುವೆ ದಪ್ಪನೆಯ ಬಟ್ಟೆ. ಅದು ನೀರನ್ನು ಬಿಡುತ್ತದೆ, ಮಣ್ಣನ್ನು ಬಿಡುವುದಿಲ್ಲ. ಹಾಗೆ ಸೋಸಿ ಬಂದ ನೀರು ಹೊರಗೆ ಹೋಗಲು ಗೋಡೆಯುದ್ದಕ್ಕೂ ಎರಡು ಸಾಲು ಪೈಪಿನ ಬಾಯಿಗಳು.

ಕಟ್ಟಲು ಬಂದದ್ದು ಆಲೂರು ಕಡೆ ಪಾಳ್ಯದ ಮೇಸ್ತ್ರಿ. ಬಟ್ಟೆಯ ಸುರುಳಿ ನೋಡಿ ಆತ ನಕ್ಕುಬಿಟ್ಟ. "ಮಣ್ಣಿಗೂ ಸೀರೆ ಉಡ್ಸೋದಾ ಮೇಡಂ?"

"ಹೌದು ಮೇಸ್ತ್ರಿ, ಆದರೆ ಹರಿದ ಸೀರೆ ಉಡಿಸಬಾರದು" ಎಂದರು ಅವರು.

ನಕ್ಕವನೇ ಆಮೇಲೆ ಅವರಿಗಿಂತ ಹೆಚ್ಚಿನ ಭಕ್ತನಾದ. ಜಲ್ಲಿಯನ್ನು ತೊಳೆಸಿ ತುಂಬಿದ. "ಧೂಳಿದ್ರೆ ಬಟ್ಟೆ ಕಟ್ಕಂಬುಡ್ತದೆ ಕಣ್ರೀ" ಎಂದು ಹೆಣ್ಣಾಳುಗಳಿಂದ ಬೈಸಿಕೊಂಡೂ ತೊಳೆಸಿದ. ಬಂದ ಜಲ್ಲಿಯ ಪ್ರತಿ ಲೋಡನ್ನೂ ನಾನೇ ನಿಂತು ಬರೆದುಕೊಂಡೆ, ಗೋಡೆಯ ಬೆನ್ನಿಗೆ ಬಿದ್ದದ್ದನ್ನೂ ನೋಡಿದೆ. ಕೆಲಸ ಮುಗಿದು ಮೊದಲ ದೊಡ್ಡ ಮಳೆ ಹಿಡಿದಾಗ ಆತ ಪಾಳ್ಯದಿಂದ ಎರಡು ಬಸ್ಸು ಬದಲಾಯಿಸಿ ಬಂದ, ಬರೀ ನೋಡುವುದಕ್ಕೆ. ಎಲ್ಲ ಪೈಪುಗಳಲ್ಲೂ ನೀರು ಸುರಿಯುತ್ತಿತ್ತು. ಕೊಡೆ ಹಿಡಿದು ನಿಂತು ಹೇಳಿದ, "ನೋಡ್ರಿ ರೈಟ್ರೇ, ಗುಡ್ಡ ಹೆಂಗೆ ಉಚ್ಚೆ ಹೊಯ್ತೈತೆ!" ಆ ಗೋಡೆ ನೋಡಿ ಸುತ್ತಮುತ್ತಲ ನಾಲ್ಕಾರು ತೋಟದವರು ಆತನನ್ನೇ ಕರೆದರು.

ತೊಂದರೆ ಬಂದದ್ದು ಕೊಯ್ಲಿನಲ್ಲಿ. ಮಳೆ ನಿಂತರೂ ಗುಡ್ಡದ ಒರತೆ ನಿಲ್ಲುವುದು ಸಂಕ್ರಾಂತಿ ಕಳೆದ ಮೇಲೆ. ಪೈಪುಗಳಿಂದ ತೊಟ್ಟಿಕ್ಕಿದ ನೀರು ಕಣಕ್ಕೆ ಹರಿದು ಅಂಚಿನ ಕಾಫಿಗೆ ಬೂಷ್ಟು ಹಿಡಿಯಿತು. ಕೊಯ್ಲಿನ ಕಾಲದಲ್ಲಿ ಕಣವೆಂದರೆ ನಮ್ಮಲ್ಲಿ ದೇವರ ಮನೆಗೆ ಸಮ. ಚಪ್ಪಲಿ ಹಾಕಿ ತುಳಿಯುವಂತಿಲ್ಲ, ಕುಡಿಯುವ ಚೊಂಬಿನಿಂದ ನಾಲ್ಕು ಹನಿ ಚೆಲ್ಲಿದವನಿಗೂ ಬೈಗುಳ ತಪ್ಪಿದ್ದಲ್ಲ. ಸಾಹುಕಾರರು "ಏನ್ ರೈಟ್ರೇ, ಕಣ ಕಾಯಕ್ಕೂ ಬರಲ್ವಾ ನಿಮಗೆ?" ಎಂದರು. ನಾನು ಸ್ಟೋರಿನಿಂದ ಹಳೆಯ ಗೋಣಿಚೀಲ ತಂದು, ಹರಿದು, ಉಂಡೆ ಮಾಡಿ, ಪೈಪಿನ ಬಾಯಿಗಳಿಗೆ ತುರುಕಿದೆ. ಕಣ ಒಣಗಿತು. ಕಾಫಿ ಮುಗಿದ ಮೇಲೆ ಎಲ್ಲವನ್ನೂ ಕಿತ್ತುಹಾಕಿದೆ. ಮಾರನೆಯ ವರ್ಷವೂ ಹಾಗೇ ಮಾಡಿದೆ. ಯಾರಿಗೂ ಹೇಳುವಂಥ ಕೆಲಸ ಎಂದು ಅನ್ನಿಸಲೇ ಇಲ್ಲ.

ಮೂರನೆಯ ವರ್ಷ ನಾನು ಗೋಣಿ ಕೀಳುವ ಮೊದಲೇ ಲೈನಿನವರು ಮಳೆಗಾಲದ ಸೌದೆ ತಂದು ಗೋಡೆಗೆ ಒತ್ತಿ ಒಟ್ಟಿಬಿಟ್ಟರು, ತಮ್ಮ ಮನೆಯ ಕಡೆಯ ತುದಿಯಲ್ಲಿ. ಮಿಕ್ಕ ಗೋಣಿಗಳನ್ನು ಕಿತ್ತೆ, ಕೆಳಸಾಲಿನ ಏಳೆಂಟು ಬಾಯಿಗಳು ಸೌದೆಯ ಹಿಂದೆ ಹಾಗೇ ಉಳಿದವು. ಮರೆತೆ ಎಂದರೆ ಸುಳ್ಳಾಗುತ್ತದೆ. ಮಳೆ ಶುರುವಾದಾಗ ನೆನಪಾಯಿತು. ಅಷ್ಟು ಸೌದೆ ಯಾರು ಸರಿಸುತ್ತಾರೆ, ಉಳಿದ ಪೈಪುಗಳಲ್ಲಿ ನೀರು ಬರುತ್ತಿದೆಯಲ್ಲ ಎಂದು ಸುಮ್ಮನಾದೆ.

ಆ ಆಷಾಢದ ಒಂದು ಬೆಳಿಗ್ಗೆ ಹಾಜರಿ ಹಾಕುತ್ತಿದ್ದೆ. ಲಾರಿ ಕಲ್ಲು ಸುರಿದಂಥ ಸದ್ದು. ಗೋಡೆಯ ಆ ತುದಿ ಹೊಟ್ಟೆ ಒಡೆದು, ಸೌದೆ ಸಮೇತ ಲೈನಿನ ಕೊನೆಯ ಮನೆಯ ಅಡುಗೆಕೋಣೆಯ ಮೇಲೆ ಕೂತಿತ್ತು. ಆ ಮನೆಯ ಹೆಂಗಸು ಒಲೆಯ ಮೇಲೆ ಅನ್ನಕ್ಕಿಟ್ಟು ಹಾಜರಿಗೆಂದು ಬಂದಿದ್ದಳು, ನನ್ನ ಎದುರಿಗೇ ನಿಂತಿದ್ದಳು. ಅವಳು ಕೂಗಿಕೊಂಡು ಓಡಿದಳು. ಒಳಗೆ ಬೇರೆ ಯಾರೂ ಇರದಿದ್ದರಿಂದ ಜೀವ ಹೋಗಲಿಲ್ಲ, ಆದರೆ ಅದು ಆಗ ಗೊತ್ತಿರಲಿಲ್ಲ. ನಾನು ಅವಳ ಹೆಸರಿನ ಮುಂದೆ ಹಾಜರಿ ಗುರುತು ಹಾಕಿ, ಪುಸ್ತಕ ಮುಚ್ಚಿ, ಆಮೇಲೆ ಹೋದೆ. ಯಾಕೆ ಹಾಗೆ ಮಾಡಿದೆ ಎಂದು ಈಗಲೂ ಗೊತ್ತಿಲ್ಲ. ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ.

ಮೇಡಂ ಬರುವಷ್ಟರಲ್ಲಿ ಜೆಸಿಬಿ ಬಂದು ಅರ್ಧ ರಾಶಿಯನ್ನು ಹಳ್ಳಕ್ಕೆ ತಳ್ಳಿತ್ತು. ಮೇಸ್ತ್ರಿಯೂ ಬಂದಿದ್ದ. ಉಳಿದ ಕಲ್ಲುಗಳ ನಡುವೆ ಒಬ್ಬನೇ ಓಡಾಡಿ, ಬಗ್ಗಿ ನೋಡಿ, ಬಂದು ನಮ್ಮ ಜೊತೆ ನಿಂತ.

"ಪೈಪ್ ಯಾರಾದರೂ ಮುಚ್ಚಿದ್ದರಾ?" ಎಂದು ಮೇಡಂ ಕೇಳಿದರು. ನನ್ನನ್ನೇ ಕೇಳಿದರು.

"ಇಲ್ಲ ಮೇಡಂ" ಎಂದೆ.

ಹಾಗಾದರೆ ಹಿಂದೆ ಜಲ್ಲಿ ಸರಿಯಾಗಿ ತುಂಬಿರಲಿಕ್ಕಿಲ್ಲ, ನೀರು ಪೈಪಿನವರೆಗೆ ಬಂದೇ ಇಲ್ಲ ಎಂದು ಅವರು ಅನುಮಾನಪಟ್ಟರು. ಸಾಹುಕಾರರಿಗೆ ಅಷ್ಟೇ ಸಾಕಾಯಿತು. ಜಲ್ಲಿ ಕದ್ದಿದ್ದಾನೆ ಎಂದು ಮೇಸ್ತ್ರಿಯ ಮುಖದ ಮೇಲೇ ಅಂದರು. ಆತ ಜಗಳಕ್ಕೆ ಹೋಗಲಿಲ್ಲ. "ತುಂಬಿವ್ನಿ ಸಾವ್ಕಾರ್ರೇ. ರೈಟ್ರು ನಿಂತ್ಕಂಡು ನೋಡವ್ರೆ, ಬೇಕಾರೆ ಕೇಳಿ" ಎಂದು ನನ್ನ ಕಡೆ ತಿರುಗಿದ.

ನಾನು ಹೇಳಿದೆ, "ನಾನು ಎಲ್ಲ ಹೊತ್ತೂ ಅಲ್ಲಿ ಇರ್ತಿರ್ಲಿಲ್ಲ."

ಆತ ಕೊಡೆ ಬಿಚ್ಚಿಕೊಂಡು ರಸ್ತೆಗೆ ಇಳಿದ. ಜಲ್ಲಿ ಕದ್ದ ಮೇಸ್ತ್ರಿ ಎಂಬ ಮಾತು ಬಿಸಿಲೆ ಕಡೆಯ ತೋಟಗಳ ತನಕ ಹಬ್ಬಿತು. ಮತ್ತೆ ಯಾರೂ ಆತನನ್ನು ಗೋಡೆಗೆ ಕರೆಯಲಿಲ್ಲ.

ಹೊಸ ಗೋಡೆಯನ್ನು ಬೇರೆ ತಂಡ ಕಟ್ಟಿತು. ಗುಡ್ಡದೊಳಕ್ಕೆ ಉದ್ದನೆಯ ಕಬ್ಬಿಣದ ಸರಳು ಕೊರೆದು ಕೂರಿಸಿದರು, ಗೋಡೆಯ ಬುಡಕ್ಕೆ ಚರಂಡಿ ಮಾಡಿ ಪೈಪಿನ ನೀರು ಕಣಕ್ಕೆ ಬರದಂತೆ ತಿರುಗಿಸಿದರು. ಒಂದು ಮೊಳ ಅಗಲದ ಚರಂಡಿ. ಕಣ ನೆನೆಯುತ್ತಿದೆ ಎಂದು ಮೊದಲ ವರ್ಷವೇ ನಾನು ಮೇಡಂಗೆ ಒಂದು ಫೋನ್ ಮಾಡಿದ್ದರೆ ಅವರೇ ಮಾಡಿಸುತ್ತಿದ್ದರು. ಅದನ್ನು ನೋಡುತ್ತಾ ದಿನಾ ಓಡಾಡಿದೆ. ಉಂಡೆ, ಮಲಗಿದೆ, ಚೀಲಗಳ ಮೇಲೆ ದುಂಡಗೆ ಬರೆದೆ. ನಾಚಿಕೆ ಆಗಬೇಕಿದ್ದ ಜಾಗದಲ್ಲಿ ಏನೂ ಇರಲಿಲ್ಲ, ಜೋಮು ಹಿಡಿದ ಕಾಲನ್ನು ಮುಟ್ಟಿ ನೋಡಿದ ಹಾಗೆ.

ಹೋದ ವರ್ಷ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಮೇಸ್ತ್ರಿ ಸಿಕ್ಕ. ಈಗ ಬಚ್ಚಲುಮನೆಗಳಿಗೆ ಟೈಲ್ಸ್ ಹಾಕುತ್ತಾನಂತೆ. ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ, ಏನೂ ತಯಾರಿಯಿಲ್ಲದೆ, ಬಾಯಿಂದ ಬಂದುಬಿಟ್ಟಿತು. "ಆ ಪೈಪಿಗೆ ಗೋಣಿ ತುರುಕಿದ್ದು ನಾನು ಕಣೋ."

"ಗೊತ್ತು ರೈಟ್ರೇ" ಎಂದ. "ಅವತ್ತೇ ಗೊತ್ತಿತ್ತು. ಕಲ್ ಸಂದೀಲಿ ಒಂದ್ ಪೈಪ್ ಬಿದ್ದಿತ್ತು. ಒಳಗಿದ್ದ ಗೋಣಿ ಬಿಚ್ಚಿ ನೋಡಿದ್ರೆ ನಿಮ್ ಅಕ್ಷರ. ಜೇಬಿಗ್ ಹಾಕ್ಕಂಬುಟ್ಟೆ."

"ತೋರಿಸಬೇಕಿತ್ತಲ್ಲ ಮಾರಾಯ!"

"ತೋರ್ಸಿದ್ರೆ ನಿಮ್ ಕೆಲ್ಸ ಹೋಗ್ತಿತ್ತು, ಎಸ್ಟೇಟ್ ಮನೇನೂ ಬುಡ್ಬೇಕಾಗ್ತಿತ್ತು. ನಂಗೆ ಪಾಳ್ಯದಾಗೆ ಗದ್ದೆ ಐತೆ. ಜಲ್ಲಿ ತುಂಬಿದ್ದು ದಿಟ ಅಂತ ನೀವ್ ಒಂದ್ ಮಾತ್ ಅಂದಿದ್ರೆ ಸಾಕಾಗಿತ್ತು. ಅಂತೀರೇನೋ ಅಂದ್ಕಂಡೆ."

ಈಗಲಾದರೂ ಸಾಹುಕಾರರಿಗೆ ಹೇಳುತ್ತೇನೆ ಎಂದೆ.

"ಬ್ಯಾಡ ಬುಡಿ. ಕಲ್ಲು ಎತ್ತೋ ವಯಸ್ಸು ಹೋಗ್ಬುಡ್ತು" ಎಂದ. ಲೋಟ ಕೆಳಗಿಟ್ಟು ಕೇಳಿದ, "ಹೊಸ ಗೋಡೇಲಿ ನೀರ್ ಸಲೀಸಾಗ್ ಬರ್ತೈತಾ?"

"ಬರ್ತದೆ."

"ಹಂಗಾರೆ ಸರಿ" ಎಂದು ಎದ್ದು ಆಲೂರಿನ ಬಸ್ಸು ಹತ್ತಿದ.

ಬ್ಯಾಡ ಬುಡಿ ಎಂದು ಆತ ಅಂದ ಗಳಿಗೆಯಲ್ಲಿ ನನ್ನ ಎದೆ ಹಗುರಾಯಿತು. ಗೋಡೆ ಬಿದ್ದ ದಿನದಿಂದ ಇವತ್ತಿನವರೆಗೆ ನನಗೆ ಏನಾದರೂ ಅನ್ನಿಸಿದ್ದರೆ ಅದೊಂದೇ. ಸಾಹುಕಾರರಿಗೆ ಇನ್ನೂ ಹೇಳಿಲ್ಲ.