ಫೋನಿಗೆ ಪ್ರವೇಶವಿಲ್ಲದ ಕೋಣೆ

ಚಿಕ್ಕಂದಿನಿಂದಲೂ ಅವಳು ಒಂದು ಕಡೆ ಕೂತವಳಲ್ಲ. ಅದಕ್ಕೇ ಮನೆಯಲ್ಲಿ ಅವಳಿಗೆ ಗಿರಗಿಟ್ಲೆ ಎಂಬ ಹೆಸರು ಬಿದ್ದಿತ್ತು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಇಂಜಿನಿಯರಾದ ಮೇಲೂ ಆ ಹೆಸರು ಬೆನ್ನು ಬಿಡಲಿಲ್ಲ.

ಫೋನಿನಲ್ಲಿರುವ ಹಾಡು ಬರೀ ಅಂಕಿಗಳ ಸಾಲು. ಆ ಅಂಕಿಗಳನ್ನು ದನಿಯಾಗಿಸಿ ಕಿವಿಗೆ ಮುಟ್ಟಿಸುವ ಯಂತ್ರಗಳನ್ನು ಅವಳ ಕಂಪನಿ ಮಾಡುತ್ತಿತ್ತು. ಅಲ್ಲಿಯವರೆಗೆ ಮಾಡಿದ್ದೆಲ್ಲ ಮೇಜಿನ ಮೇಲಿಡುವ ದೊಡ್ಡ ಪೆಟ್ಟಿಗೆಗಳು. ಬೆಂಕಿಪೊಟ್ಟಣದಷ್ಟು ಚಿಕ್ಕದಾದ, ಜೇಬಿನಲ್ಲಿ ಹಿಡಿಸುವ ಡಬ್ಬಿ ಇದೇ ಮೊದಲು, ಮತ್ತು ಅದರ ವಿನ್ಯಾಸ ಪೂರ್ತಿ ಅವಳದೇ. ಅಂದು ಸಂಜೆ ಅದರ ನಕ್ಷೆ ಕಾರ್ಖಾನೆಗೆ ಹೋಗಬೇಕಿತ್ತು. ಹೋದ ಮೇಲೆ ತಿದ್ದುವ ಮಾತೇ ಇಲ್ಲ. ಇದು ಕೆಟ್ಟರೆ ಇನ್ನೊಂದು ವಿನ್ಯಾಸ ತನ್ನ ಕೈಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅಳತೆಗಳೆಲ್ಲ ಚೆನ್ನಾಗಿಯೇ ಬಂದಿದ್ದವು. "ಇನ್ನೇನಮ್ಮ, ಕಳಿಸೋಣ್ವಾ?" ಎಂದರು ಮುಖ್ಯಸ್ಥರು.

"ಊಟ ಮಾಡ್ಕೊಂಡು ಬರ್ತೀನಿ ಸರ್," ಎಂದಳು. ಹಸಿವೇನೂ ಇರಲಿಲ್ಲ. ಏನೋ ಬಿಟ್ಟುಹೋಗಿದೆ ಎಂಬ ಅನುಮಾನ ಬೆಳಗಿನಿಂದ ಅಂಗಾಲಿಗೆ ಚುಚ್ಚಿದ ಮುಳ್ಳಿನಂತೆ ಕಾಡುತ್ತಿತ್ತು. ಮಾದರಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲ ಹೊರಗಿನ ಗೂಡಿನಿಂದ ತನ್ನ ಫೋನು ತೆಗೆದುಕೊಂಡು ಹೊರಟಳು. ಫೋನಿನ ಅಲೆಗಳು ಅಳತೆ ಕೆಡಿಸುತ್ತವೆಂದು ಪ್ರಯೋಗದ ಕೋಣೆಯೊಳಗೆ ಯಾರೂ ಫೋನು ತರುವಂತಿರಲಿಲ್ಲ. ಆ ಗೂಡನ್ನು ಹೊಡೆಸಿದವಳು ಅವಳೇ. ಮರೆತು ಒಳಗೆ ತಂದವರಿಗೆ ಬೈಯುತ್ತಿದ್ದವಳೂ ಅವಳೇ.

ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ತಂಗಿ ತಟ್ಟೆ ಹಿಡಿದು ಅದೇ ಮೇಜಿಗೆ ಒರಗಿದಳು.

"ಲೇ, ಕಾಲು ಕುಣಿಸ್ಬೇಡ. ಮೇಜು ಅಲ್ಲಾಡಿ ನನ್ನ ಹೊಲಿಗೆ ಹಾವು ಹರಿದ ಹಾಗಾಗ್ತಿದೆ."

"ಅಕ್ಕಾ, ಇದನ್ನ ಹಾಕ್ಕೊಂಡು ಒಂದು ಹಾಡು ಕೇಳ್ತೀಯಾ?"

"ಕೇಳಿದ್ರೆ ಸುಮ್ನೆ ಕೂರ್ತೀಯಾ?"

ಅಕ್ಕ ಡಬ್ಬಿಯನ್ನು ತನ್ನ ಫೋನಿಗೆ ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಮೇಲಂಗಿಯ ಜೇಬಿಗೆ ತುರುಕಿ, ಡಬ್ಬಿಯ ಇಯರ್‌ಫೋನನ್ನು ಕಿವಿಗೆ ಹಾಕಿಕೊಂಡು ಹೊಲಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಅರಳಿತು. ಆಮೇಲೆ ಹುಬ್ಬು ಗಂಟಿಕ್ಕಿತು.

"ಹಾಡು ಜೇನಿನ ಹಾಗಿದೆ ಕಣೇ. ಆದ್ರೆ ಮಧ್ಯೆ ಯಾರೋ ಟರ್ ಟರ್ ಅಂತ ಬಾಗಿಲು ಕೆರೀತಿದಾರೆ."

ಅಷ್ಟರಲ್ಲಿ ಫೋನು ರಿಂಗಾಯಿತು. ಯಾರೋ ಗಿರಾಕಿ, ರವಿಕೆ ಆಯಿತಾ ಎಂದು ಕೇಳಲು. ಅಕ್ಕ ಅರ್ಧ ಆಗಿದೆ ಎಂದು ಸುಳ್ಳು ಹೇಳುತ್ತಿದ್ದಳು. ತಂಗಿಯ ತುತ್ತು ಕೈಯಲ್ಲೇ ಉಳಿಯಿತು. ಪ್ರಯೋಗದ ಕೋಣೆಯಲ್ಲಿ ಡಬ್ಬಿಗೆ ಹಾಡು ಬರುತ್ತಿದ್ದುದು ದೂರದ ಕಂಪ್ಯೂಟರಿನಿಂದ. ಫೋನಿಗೆ ಅಂಟಿಕೊಂಡೇ ಬದುಕಬೇಕಾದ ಡಬ್ಬಿಯನ್ನು, ಫೋನಿನ ನೆರಳೂ ಬೀಳದ ಜಾಗದಲ್ಲಿಟ್ಟು ಪರೀಕ್ಷಿಸಿದ್ದರು.

ಅವಳು ಎಂಜಲು ಕೈಯಲ್ಲೇ ಮುಖ್ಯಸ್ಥರಿಗೆ ಫೋನು ಮಾಡಿದಳು.

"ಸರ್, ಕಳಿಸ್ಬೇಡಿ. ಕರೆ ಬರೋ ಮುಂಚೆ ಫೋನಿನ ಅಲೆ ಸದ್ದಾಗಿ ಹಾಡಿನೊಳಗೆ ನುಗ್ತಿದೆ. ನಾವು ಅದನ್ನ ಫೋನಿನ ಪಕ್ಕ ಇಟ್ಟೇ ಇಲ್ಲ."

"ಆ ಗೂಡು ಹೊಡೆಸಿದ್ದು ಯಾರಮ್ಮ?"

"ನಾನೇ ಸರ್."

"ಒಪ್ಪಿದ್ದು ನಾನು. ಪೆಟ್ಟಿಗೆಗಿದ್ದ ನಿಯಮಾನ ಡಬ್ಬಿಗೂ ತೊಡಿಸಿಬಿಟ್ವಿ. ಬಾ ಬೇಗ. ಕಾರ್ಖಾನೆಯವರ ಹತ್ರ ಬೈಸ್ಕೊಳ್ಳೋದು ನನ್ನ ಪಾಲು, ರಿಪೇರಿ ನಿನ್ನ ಪಾಲು."

"ಊಟ ಬಿಟ್ಟು ಎಲ್ಲಿಗೆ ಓಡ್ತೀಯೇ?" ಎಂದು ಅಕ್ಕ ಕೂಗುವಷ್ಟರಲ್ಲಿ ಅವಳು ಡಬ್ಬಿ ಕಿತ್ತುಕೊಂಡು ಬೀದಿಯಲ್ಲಿದ್ದಳು.

ಅಂದು ಮೊದಲ ಸಲ ಅವಳು ಫೋನನ್ನು ಗೂಡಿನಲ್ಲಿಡದೆ ಒಳಗೆ ತಂದಳು. ಡಬ್ಬಿಯ ಮುಚ್ಚಳ ತೆಗೆದು, ಫೋನನ್ನು ಪಕ್ಕದಲ್ಲೇ ಒತ್ತಿಟ್ಟು, ಕಿವಿಗೆ ಹಾಕಿಕೊಂಡಳು. ಮುಖ್ಯಸ್ಥರು ಹೊಸ್ತಿಲಲ್ಲಿ ನಿಂತು ಅವಳ ನಂಬರಿಗೆ ಕರೆ ಮಾಡಿದರು. ಟರ್ ಟರ್. ಒಳಗೆ ದನಿ ಸಾಗುವ ತೆಳುವಾದ ತಂತಿಗೆರೆಯೊಂದರ ಮೇಲೆ, ಅಲೆ ತಡೆಯಲೆಂದು, ತಾಮ್ರದ ಪಟ್ಟಿ ಅಂಟಿಸಿದಳು.

"ಈಗ?"

"ಸ್ವಲ್ಪ ತಗ್ಗಿದೆ ಸರ್. ಹೋಗಿಲ್ಲ."

ಪಟ್ಟಿ ಕಿತ್ತು ಇನ್ನೊಂದು ಮಗ್ಗುಲಿಗೆ ಅಂಟಿಸಿದಳು. ಮೇಜಿನ ಕೆಳಗೆ ಕಾಲು ಕುಣಿಯುತ್ತಲೇ ಇತ್ತು.

"ಇನ್ನೊಂದ್ಸಲ ಕರೆ ಮಾಡಿ ಸರ್."